ಆರು ಹತ್ತರ ಬಾಟಲಿ

ತೂಕದ ಯಂತ್ರದ ಮೇಲೆ ನಿಂತಿದ್ದ ಹುಡುಗ ಉಸಿರು ಬಿಗಿಹಿಡಿದಿದ್ದ. ಉಸಿರು ಬಿಟ್ಟರೆ ತೂಕ ಏರುತ್ತದೆ ಎಂದು ಅವನಿಗೆ ಯಾರು ಹೇಳಿಕೊಟ್ಟಿದ್ದರೋ.

"ಮೂವತ್ತೈದ್ ಮುನ್ನೂರ್," ಎಂದ ತರಬೇತುದಾರ ರತೀಶ್. "ಮುನ್ನೂರ್ ಗ್ರಾಂ ಜಾಸ್ತಿ. ಹೋಯ್, ರೈನ್‌ಕೋಟ್ ಹಾಯ್ಕೋ. ಹತ್ ರೌಂಡ್ ಓಡ್."

ಹುಡುಗ ಪ್ಲಾಸ್ಟಿಕ್ ರೈನ್‌ಕೋಟ್ ತೊಟ್ಟು ಓಡತೊಡಗಿದ. ಸಿದ್ದಾಪುರದ ಆ ಬಯಲಿನಲ್ಲಿ ಭಾನುವಾರ ಮಧ್ಯಾಹ್ನದ ಹನ್ನೆರಡರ ಬಿಸಿಲು. ಮಾರ್ಚ್ ತಿಂಗಳು. ಆಕಾಶದಲ್ಲಿ ಮೋಡದ ಚೂರೂ ಇರಲಿಲ್ಲ.

"ಮಳೆ ಇಲ್ದೆ ರೈನ್‌ಕೋಟ್ ಎಂತಕ್ಕೆ ರತೀಶ್?" ಎಂದು ಕೇಳಿದೆ.

"ಬೆವ್ರುಕೆ ಮೇಡಂ. ಮೂವತ್ತೈದ್ ಕೆ.ಜಿ. ಒಳ್ಗಿನವ್ರ್ ಕಬಡ್ಡಿ. ಒಂದ್ ಗ್ರಾಂ ಜಾಸ್ತಿ ಆರೂ ಹೊರ್ಗೇ."

ಈ ಧಾರಾವಾಹಿಯನ್ನು ಇವತ್ತೇ ಕೈಗೆತ್ತಿಕೊಂಡವರಿಗೆ ಒಂದು ಮಾತು. ಹಾಲಾಡಿಯ ರಮಿತಾ ಎಂಬಾಕೆ ತನ್ನ ಗಂಡನ ಮೊದಲ ಹೆಂಡತಿಯ ಮಗ, ಹನ್ನೆರಡು ವರ್ಷದ ರತನ್‌ನ ಮೂತ್ರದ ಬಾಟಲಿಗೆ ರಕ್ತ ಬೆರೆಸಿ ಅವನನ್ನು ಸುಳ್ಳು ರೋಗಿ ಮಾಡಿದಳು ಎಂಬ ದೂರಿದೆ. ಮಂಗಳವಾರ ಹನ್ನೊಂದು ಗಂಟೆಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ ಹುಡುಗ ಯಾರ ಮನೆಯಲ್ಲಿ ಬೆಳೆಯಬೇಕೆಂದು ತೀರ್ಮಾನಿಸಲಿದೆ. ನನ್ನ ಹೆಸರು ಗುಣವತಿ. ಪೊಲೀಸ್ ಇಲಾಖೆಯಲ್ಲಿ ಎ.ಎಸ್.ಐ. ಆಗಿ ನಿವೃತ್ತಿಯಾದ ಮೇಲೆ ಕುಂದಾಪುರದಲ್ಲಿ ಒಂದು ಕೋಣೆ ಹಿಡಿದು ಖಾಸಗಿ ವಿಚಾರಣೆ ಮಾಡುತ್ತೇನೆ. ಈ ಕೆಲಸಕ್ಕೆ ನನ್ನನ್ನು ಹಚ್ಚಿದವನು ರಮಿತಾಳ ಗಂಡ, ಬಸ್ ಡ್ರೈವರ್ ಸುಧೀರ್.

"ರತನ್ ಎಷ್ಟಿದ್ದ?" ಎಂದೆ.

ರತೀಶ್ ಕಬಡ್ಡಿ ಅಂಕಣದ ಕಡೆ ನೋಡಿದ. ನಾನು ಕೈ ಚಾಚಿದೆ. ಸಮವಸ್ತ್ರ ಹೋದರೂ ಕೈ ಚಾಚುವ ರೀತಿ ಹೋಗಿಲ್ಲ. ಅವನು ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಕೊಟ್ಟ.

ಹುಡುಗರ ಹೆಸರು, ದಿನಾಂಕ, ತೂಕ. ರತನ್‌ಗೆ ಒಂದು ಇಡೀ ಪುಟ. ಜನವರಿ ಮೊದಲ ವಾರ ಮೂವತ್ತೊಂಬತ್ತು ಕೆ.ಜಿ. ನಾನೂರು ಗ್ರಾಂ. ಫೆಬ್ರವರಿ ಮಧ್ಯದಲ್ಲಿ ಮೂವತ್ತಾರು. ಮಾರ್ಚ್ ಆರಂಭದಲ್ಲಿ ಮೂವತ್ತನಾಲ್ಕು ಎಂಟುನೂರು. ಬೆಳೆಯುವ ಹುಡುಗ ಎರಡು ತಿಂಗಳಲ್ಲಿ ನಾಲ್ಕೂವರೆ ಕೆ.ಜಿ. ಇಳಿದಿದ್ದ. ಅವನ ಮೂತ್ರ ಮೊದಲ ಬಾರಿ ಕೆಂಪಾದದ್ದು ಫೆಬ್ರವರಿ ಇಪ್ಪತ್ತಕ್ಕೆ.

"ಎಂತ ತಿಂತಿದ್ದ?"

"ರಾತ್ರಿ ಊಟ ಬ್ಯಾಡ ಅಂದಿದ್ದೆ. ಮನೆಲ್ ಹೇಳ್ಬ್ಯಾಡಿ ಅಂತ್ಲೂ ಹೇಳಿದ್ದೆ. ಅವ ಒಳ್ಳೆ ರೈಡರ್ ಮೇಡಂ. ಅವ ಇಲ್ದಿರೆ ನಮ್ ಟೀಮೇ ಇಲ್ಲೆ."

"ಅವ್ನಿಗೆ ರಕ್ತ ಹೋದ್ದ್ ನಿಂಗ್ ಗೊತ್ತಿತ್ತಾ?"

ರತೀಶ್ ಶಿಳ್ಳೆಯನ್ನು ಬಾಯಿಗಿಟ್ಟು, ಊದದೆ ಕೆಳಗಿಳಿಸಿದ.

"ಒಂದಿನ ಪ್ರಾಕ್ಟೀಸ್ ಮುಗ್ದ್ ಮೇಲೆ ಆ ಗ್ವಾಡಿ ಬದಿ ಉಚ್ಚಿ ಹೊಯ್ತಿದ್ದ. ಗ್ವಾಡಿ ಕೆಂಪಾಯ್ತ್. ನಾನೇ ಕಂಡೆ."

"ಯಾರಿಗ್ ಹೇಳ್ದೆ?"

"ಯಾರಿಗೂ ಇಲ್ಲೆ."

"ಎಂತಕ್ಕೆ?"

"ಮರ್ದಿನ ಫೈನಲ್ ಇತ್ತ್."

ಅವನ ಕೆನ್ನೆಗೊಂದು ಬಾರಿಸಬೇಕು ಎನಿಸಿತು. ಒಬ್ಬ ಹೆಂಗಸಿನ ಮೇಲೆ ಊರೆಲ್ಲ ಕೆಸರೆರಚುವಾಗ ಇವನು ಕಪ್ ಗೆದ್ದು ಫೋಟೋ ತೆಗೆಸಿಕೊಂಡಿದ್ದ. ಬಾರಿಸಲಿಲ್ಲ. ಬಿಳಿ ಹಾಳೆ ತೆಗೆದು, ಈಗ ಹೇಳಿದ್ದನ್ನೇ ಬರೆಸಿ, ಸಹಿ ಹಾಕಿಸಿಕೊಂಡೆ. ಆಮೇಲೆ ರೈನ್‌ಕೋಟಿನ ಹುಡುಗನನ್ನು ಕರೆದು ನೀರು ಕುಡಿಸಿದೆ. ರತೀಶ್ ತಡೆಯಲಿಲ್ಲ.

*

ಬೈಂದೂರಿನಲ್ಲಿ ಸೀನನ ಹಾರ್ಡ್‌ವೇರ್ ಅಂಗಡಿ. ಹಿಂದೆಯೇ ಮನೆ. ಸೀನ ಎಂದರೆ ರತನ್‌ನ ತೀರಿಹೋದ ತಾಯಿ ಸುಗುಣಳ ಅಣ್ಣ. ರಮಿತಾಳ ಮೇಲೆ ದೂರು ಕೊಟ್ಟವನೂ ಅವನೇ. ತೀರ್ಮಾನವಾಗುವ ತನಕ ಹುಡುಗ ಅವನ ಮನೆಯಲ್ಲಿರಬೇಕೆಂದು ಸಮಿತಿ ಹೇಳಿತ್ತು.

ನಾನು ಹೋದಾಗ ರತನ್ ಮಂಚದ ಮೇಲೆ ಅಂಗಾತ ಮಲಗಿ ಫ್ಯಾನ್ ನೋಡುತ್ತಿದ್ದ. ಕೆನ್ನೆ ತುಂಬಿಕೊಂಡಿತ್ತು. ಪಕ್ಕದಲ್ಲಿ ತಟ್ಟೆ, ತಟ್ಟೆಯಲ್ಲಿ ತುಪ್ಪದ ದೋಸೆಯ ಚೂರು.

"ಕಾಣಿ ಅಕ್ಕ," ಎಂದ ಸೀನ. "ಹದ್ನೈದ್ ದಿನ ಆಯ್ತ್. ಒಂದ್ ಸಲ ಕೆಂಪ್ ಇಲ್ಲೆ. ಅವ್ಳ್ ಕೈ ತಪ್ತ್, ರೋಗ ತಪ್ತ್. ಇನ್ನೆಂತ ಸಾಕ್ಷಿ ಬೇಕ್ ನಿಮ್ಗೆ?"

"ದಿನಾ ಹೀಂಗೇ ಮಲ್ಗಿರ್ತ್ನಾ?"

"ಮತ್ತೆಂತ? ಮಂಚದಿಂದ ಇಳಿಬ್ಯಾಡ ಅಂದಿದ್ದೆ. ಹೊತ್ತಿಗ್ ಸಮಾ ತಿಂತ, ಮಲಗ್ತ. ನನ್ ತಂಗಿದ್ ಅಂಬುದ್ ಇದೊಂದೇ ಉಳ್ದದ್ದ್ ಅಕ್ಕ."

ಕೊನೆಯ ಮಾತು ಹೇಳುವಾಗ ಅವನ ದನಿ ಸಣ್ಣದಾಯಿತು. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಪ್ರೀತಿಯಿಂದ ತಪ್ಪು ತಿಳಿಯುವವರನ್ನು ಠಾಣೆಯಲ್ಲಿ ಬೇಕಾದಷ್ಟು ಕಂಡಿದ್ದೇನೆ.

ಸೀನ ಅಂಗಡಿಗೆ ಹೋದ ಮೇಲೆ ರತನ್ ಎದ್ದು ಕೂತ.

"ಪೊಲೀಸಮ್ಮ, ನಂಗ್ ಯಾವತ್ತ್ ಚಿಕ್ಕಿ ಹತ್ರ ಕಳ್ಸ್ತ್ರಿ?"

ಚಿಕ್ಕಿ ಎಂದರೆ ರಮಿತಾ. ಮಂಗಳವಾರ ಗೊತ್ತಾಗುತ್ತದೆ ಎಂದೆ. ಅವನಿಗೆ ಅದು ಸಾಕಾಗಲಿಲ್ಲ, ನನಗೂ ಸಾಕಾಗಿರಲಿಲ್ಲ.

"ಕೆಂಪ್ ಯಾವಾಗ ಬತ್ತಿತ್ತ್ ಮಗ? ಸಮಾ ನೆನ್ಪ್ ಮಾಡ್ಕಂಡ್ ಹೇಳ್."

"ಸಂಜಿಗೆ. ಆಡ್ ಬಂದ್ ಮೇಲೆ. ಇಲ್ಲ್ ನೋಯ್ತಿತ್ತ್." ಎಡಗಡೆ ಸೊಂಟದ ಮೇಲ್ಭಾಗ ಮುಟ್ಟಿ ತೋರಿಸಿದ.

"ಬೆಳಿಗ್ಗೆ?"

"ಎದ್ದಕೂಡ್ಲೆ ಎಂತದೂ ಇಲ್ಲೆ. ನೀರಿನ್ ಹಾಂಗಿರತ್ತ್."

"ಯಾವತ್ತೂ?"

"ಯಾವತ್ತೂ."

ಈ ಉತ್ತರ ಬರೆದುಕೊಂಡು ಅದರ ಕೆಳಗೆ ಗೆರೆ ಎಳೆದೆ. ಕುಂದಾಪುರದ ಆಸ್ಪತ್ರೆಯಲ್ಲಿ ಅವನನ್ನು ಮೂರು ದಿನ ವಾರ್ಡಿನಲ್ಲಿ ಇಟ್ಟುಕೊಂಡಿದ್ದರು. ಬೆಳಿಗ್ಗೆ ಐದೂವರೆಗೆ ನರ್ಸ್ ಬಂದು, ಹುಡುಗನನ್ನು ಎಬ್ಬಿಸಿ, ಮೊದಲ ಮೂತ್ರ ಹಿಡಿದು ಕಳಿಸುತ್ತಿದ್ದಳು. ಮೂರು ದಿನವೂ ಶುಭ್ರ. ಮನೆಯಿಂದ ಬಂದದ್ದು ಮಾತ್ರ ಕೆಂಪು. ತಾಯಿಯ ಸ್ಥಾನದಲ್ಲಿರುವವಳು ಹಾಲಾಡಿಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದವಳು. ಡಾಕ್ಟರರು ಎರಡಕ್ಕೆ ಎರಡು ಸೇರಿಸಿ ಸಮಿತಿಗೆ ಕಾಗದ ಬರೆದರು. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆನೋ ಏನೋ.

ಬ್ರಹ್ಮಾವರದಲ್ಲಿ ಒಂದು ಸ್ಕ್ಯಾನ್ ಮಾಡಿಸೋಣ ಎಂದು ಸೀನನಿಗೆ ಹೇಳಿದೆ. ಒಂದೇ ಷರತ್ತು ಹಾಕಿದ: ರಮಿತಾ ಅಲ್ಲಿಗೆ ಬರಬಾರದು.

*

ಸ್ಕ್ಯಾನಿಂಗ್ ಡಾಕ್ಟರ್ ಸ್ವರ್ಣಲತಾ ಬ್ರಹ್ಮಾವರದವರು. ಹಿಂದೊಂದು ಅಸಹಜ ಸಾವಿನ ಪ್ರಕರಣದಲ್ಲಿ ನನಗೆ ಪರಿಚಯ. ಹೆಚ್ಚು ಮಾತಿಲ್ಲ, ಆಡಿದ ಮಾತನ್ನು ನ್ಯಾಯಾಲಯದಲ್ಲಿ ಬದಲಿಸುವವರೂ ಅಲ್ಲ.

ಅವರು ಹೇಳಿದಂತೆ ಸೋಮವಾರ ಬೆಳಿಗ್ಗೆ ರತನ್ ಮಂಚದಲ್ಲಿದ್ದಂತೆಯೇ, ನನ್ನ ಎದುರಿಗೇ ಒಂದು ಬಾಟಲಿ ತುಂಬಿಸಿದ. ನಾನು ಅದಕ್ಕೆ ಮೊಹರು ಹಾಕಿದೆ. ಶುಭ್ರವಾಗಿತ್ತು. ಬ್ರಹ್ಮಾವರಕ್ಕೆ ಬಂದ ಮೇಲೆ ಡಾಕ್ಟರ್ ಅವನನ್ನು ಎರಡು ಗಂಟೆ ಕೂರಲು ಬಿಡಲಿಲ್ಲ. ಮೆಟ್ಟಿಲು ಹತ್ತು, ಇಳಿ, ನಿಲ್ಲು, ಮತ್ತೆ ಹತ್ತು. ಹದಿನೈದು ದಿನ ಮಂಚಕ್ಕೆ ಅಂಟಿದ್ದ ಹುಡುಗನಿಗೆ ಇದು ಹಬ್ಬವಾಯಿತು. ಸೀನ ಮಾತ್ರ ಪ್ರತಿ ಸಲವೂ ಅವನ ಹಿಂದೆಯೇ ಹತ್ತಿ ಇಳಿದು ಏದುಸಿರು ಬಿಡುತ್ತಿದ್ದ.

ಹನ್ನೊಂದು ಗಂಟೆಗೆ ಎರಡನೇ ಬಾಟಲಿ. ಡಾಕ್ಟರ್, ನಾನು, ಸೀನ ಮೂವರೂ ಬಾಗಿಲ ಹೊರಗೇ ನಿಂತಿದ್ದೆವು. ಒಳಗೆ ರತನ್ ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

ಹುಡುಗ ಬಾಗಿಲು ತೆರೆದು ಬಾಟಲಿ ಚಾಚಿದ. ನಸುಗೆಂಪು.

ಸೀನ ಬಾಟಲಿಯನ್ನು ನೋಡಿದ, ಹುಡುಗನ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿದ, ಒಳಗೆ ಹೋಗಿ ಬಚ್ಚಲ ನೆಲವನ್ನೂ ನೋಡಿ ಬಂದ. ಏನೂ ಸಿಗಲಿಲ್ಲ. ಡಾಕ್ಟರ್ ರತನ್‌ನ ಹೊಟ್ಟೆಯ ಮೇಲೆ ಸ್ಕ್ಯಾನ್ ಉಪಕರಣ ಇಟ್ಟರು. ಮೊದಲು ಮಲಗಿಸಿ, ಆಮೇಲೆ ನಿಲ್ಲಿಸಿ.

"ಮಕ್ಕಳ ಮೂತ್ರದಲ್ಲಿ ರಕ್ತ ಕಂಡರೆ ಹೆಚ್ಚಿನ ಸಲ ಸೋಂಕೋ, ಕಲ್ಲೋ, ಕಿಡ್ನಿಯ ಊತವೋ ಆಗಿರುತ್ತದೆ," ಎಂದರು ಪರದೆ ನೋಡುತ್ತಲೇ. "ಅದನ್ನೆಲ್ಲ ಆಸ್ಪತ್ರೆಯವರು ನೋಡಿ ಆಗಿದೆ. ರಕ್ತನಾಳದಿಂದಲೇ ಬರುವ ತೊಂದರೆ ಅಪರೂಪ. ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ನಾಳಗಳು ಹುಟ್ಟಿನಿಂದಲೇ ಗಂಟುಗಂಟಾಗಿ ಸೇರಿಕೊಂಡಿರಬಹುದು. ಇವನಿಗೆ ಅವೆರಡೂ ಇಲ್ಲ. ಇಲ್ಲಿ ನೋಡಿ."

ನನಗೆ ಕಂಡದ್ದು ಬೂದು ಬಣ್ಣದ ಕಲಸುಮೇಲೋಗರ.

"ಎಡ ಕಿಡ್ನಿಯಿಂದ ರಕ್ತ ವಾಪಸು ತರುವ ನಾಳ, ಎರಡು ದೊಡ್ಡ ನಾಳಗಳ ನಡುವಿನ ಸಂದಿಯಲ್ಲಿ ನುಸುಳಿ ಬರಬೇಕು. ಆ ಸಂದಿಯಲ್ಲಿ ಒಂದಿಷ್ಟು ಕೊಬ್ಬು ಮೆತ್ತೆಯ ಹಾಗಿರುತ್ತದೆ. ನಾಲ್ಕೂವರೆ ಕೆ.ಜಿ. ಇಳಿಸಿದ್ದಾನೆ ಅಂದಿರಲ್ಲ? ಮೆತ್ತೆ ಕರಗಿತು, ಸಂದಿ ಕಿರಿದಾಯಿತು. ಅಡಕತ್ತರಿಯ ನಡುವೆ ಅಡಿಕೆ ಸಿಕ್ಕ ಹಾಗೆ ನಾಳ ಸಿಕ್ಕಿಬಿತ್ತು. ರಕ್ತ ಮುಂದೆ ಹೋಗಲಾರದೆ ಹಿಂದಕ್ಕೆ ಒತ್ತುತ್ತದೆ. ಕಿಡ್ನಿಯೊಳಗಿನ ಸಣ್ಣ ನಾಳ ಬಿರಿದು ಮೂತ್ರಕ್ಕೆ ಸೇರುತ್ತದೆ."

"ಮಲಗಿದಾಗ?"

"ಇವನಿಗೆ ಸಡಿಲವಾಗುತ್ತದೆ. ಪರದೆಯಲ್ಲೇ ಕಾಣುತ್ತಿದೆ. ನಿಂತರೆ, ಓಡಿದರೆ ಬಿಗಿ. ಮಲಗಿ ಎದ್ದ ಹುಡುಗನ ಮೊದಲ ಮೂತ್ರ ಹಿಡಿದರೆ ಏನೂ ಸಿಗುವುದಿಲ್ಲ."

ವಾರ್ಡಿನಲ್ಲಿ ಮಲಗಿದ್ದ, ಶುಭ್ರ. ಬೈಂದೂರಿನಲ್ಲಿ ಮಲಗಿದ್ದ, ಜೊತೆಗೆ ತುಪ್ಪದ ದೋಸೆ, ಶುಭ್ರ. ರಮಿತಾಳ ವಿರುದ್ಧ ಇದ್ದ ಎರಡೂ ದೊಡ್ಡ ಸಾಕ್ಷ್ಯಗಳು ನನ್ನ ಕಣ್ಣೆದುರೇ ಬಿದ್ದುಹೋದವು.

"ಆಪರೇಷನ್ ಮಾಡ್ಕಾ ಡಾಕ್ಟ್ರೆ?" ಎಂದ ಸೀನ.

"ಬೇಡ. ಹೊಟ್ಟೆ ತುಂಬ ಅನ್ನ ಹಾಕಿ. ತೂಕ ಏರಿದ ಹಾಗೆ ತಾನೇ ಸರಿಹೋಗುವುದು ಹೆಚ್ಚು. ಆಗಾಗ ಬಂದು ತೋರಿಸಿ."

ಸೀನ ಹೊರಗಿನ ಬೆಂಚಿನಲ್ಲಿ ಕುಳಿತ.

"ಹಾಂಗಾರೆ ರಮಿತಾ ಎಂತದೂ ಮಾಡ್ಲಿಲ್ಲೆ," ಎಂದ.

"ಇಲ್ಲೆ."

"ನಾ ಅವ್ಳನ್ನ ರಕ್ಕಸಿ ಅಂದೆ ಅಕ್ಕ. ಹಾಲಾಡಿ ಸರ್ಕಲ್ಲಲ್ಲ್, ಹತ್ ಜನರ ಎದ್ರ್. ನಾಳೆ ಸಮಿತಿ ಎದ್ರ್ ನಾನೇ ಹೇಳ್ತೆ, ನಂದ್ ತಪ್ಪಾಯ್ತ್ ಅಂತ. ಮಾಣಿನ್ನ ನಾನೇ ಕರ್ಕಂಡ್ ಹೋಯಿ ಅವ್ಳ್ ಮನಿಗ್ ಬಿಡ್ತೆ."

ಇಂಥ ಮಾತು ಆಡುವುದಕ್ಕೆ ಎದೆ ಬೇಕು. ಸೀನನ ಬಗ್ಗೆ ನನಗೆ ಗೌರವ ಹುಟ್ಟಿತು, ಹಾಗೆಂದು ಅವನಿಗೆ ಹೇಳಿಯೂ ಹೇಳಿದೆ.

*

ಕುಂದಾಪುರಕ್ಕೆ ಮರಳಿ, ಊಟ ಮುಗಿಸಿ, ವರದಿ ಬರೆಯಲು ಕುಳಿತೆ. ರತೀಶನ ಹೇಳಿಕೆ, ತೂಕದ ಪುಸ್ತಕ, ಸ್ಕ್ಯಾನ್ ವರದಿ, ಎರಡು ಬಾಟಲಿಗಳ ವಿವರ. ಇಷ್ಟು ಅಚ್ಚುಕಟ್ಟಾದ ಪ್ರಕರಣ ನನ್ನ ಕೈಗೆ ಸಿಕ್ಕು ವರ್ಷಗಳೇ ಆಗಿದ್ದವು. ಒಂದು ಕಪ್ ಚಹಾ ತರಿಸಿಕೊಂಡೆ.

ಎರಡೂವರೆಗೆ ಸುಧೀರನ ವಕೀಲರು ಫೋನಿಗೆ ಎರಡು ಚಿತ್ರ ಕಳಿಸಿದರು. ಒಂದು, ಆಸ್ಪತ್ರೆಯ ದಾಖಲೆ ಪುಸ್ತಕದ ಪುಟ. ಮನೆಯಿಂದ ಬಂದ ಬಾಟಲಿಗಳ ಪಟ್ಟಿ. ಕೇಳಿ ಕೇಳಿ ಸಾಕಾಗಿದ್ದ ಈ ಕಾಗದ ಕೊನೆಗೂ ಬಂದಿತ್ತು.

ಐದು ಸಾಲುಗಳಿದ್ದವು. ಮೂತ್ರ ಹಿಡಿದ ಹೊತ್ತನ್ನು ರಮಿತಾ ಲ್ಯಾಬಿನ ಅಭ್ಯಾಸದಂತೆ ಪ್ರತಿ ಬಾಟಲಿಯ ಚೀಟಿಯಲ್ಲೂ ಬರೆದಿದ್ದಳು. ಆಸ್ಪತ್ರೆಯವರು ಅದನ್ನೇ ನಕಲು ಮಾಡಿದ್ದರು. ಮೊದಲನೆಯದು ಸಂಜೆ ಆರು ನಲವತ್ತು. ಎರಡನೆಯದು ಏಳು ಹದಿನೈದು. ಮೂರು, ನಾಲ್ಕು ಕೂಡ ಸಂಜೆಯವೇ. ನಾಲ್ಕರ ಮುಂದೆಯೂ ಒಂದೇ ಟಿಪ್ಪಣಿ: ಪರೀಕ್ಷೆಯ ನಂತರ ಚೆಲ್ಲಲಾಗಿದೆ.

ಐದನೆಯದು ಬೆಳಿಗ್ಗೆ ಆರು ಹತ್ತು. ಕಡುಗೆಂಪು. ಮೊಹರು ಮಾಡಿ ಕಾದಿರಿಸಲಾಗಿದೆ.

ಚಹಾ ಲೋಟ ಕೆಳಗಿಟ್ಟೆ.

ಬೆಳಿಗ್ಗೆ ಆರು ಹತ್ತಕ್ಕೆ ಹುಡುಗ ರಾತ್ರಿಯಿಡೀ ಮಲಗಿ ಎದ್ದಿರುತ್ತಾನೆ. ಎದ್ದಕೂಡಲೇ ಯಾವತ್ತೂ ನೀರಿನ ಹಾಗಿರುತ್ತದೆ ಎಂದು ಅವನೇ ಹೇಳಿದ್ದ. ಅದು ಕೆಂಪಾಗಿರಲು ಕಾರಣವಿರಲಿಲ್ಲ. ಕಡುಗೆಂಪಂತೂ ಸಾಧ್ಯವೇ ಇಲ್ಲ. ನಾನು ರಮಿತಾಳನ್ನು ಬಿಡಿಸಲು ಕಟ್ಟಿದ ವಾದವೇ ಅವಳನ್ನು ಹಿಡಿದುಕೊಡುತ್ತಿತ್ತು.

ಎರಡನೇ ಚಿತ್ರ ಸಮಿತಿಯ ನೋಟಿಸು. ಕಾದಿರಿಸಿದ ಆ ಒಂದು ಬಾಟಲಿಯಲ್ಲಿರುವ ರಕ್ತ ಯಾರದ್ದೆಂದು ಡಿ.ಎನ್.ಎ. ಪರೀಕ್ಷೆ ನಡೆಯುತ್ತಿದೆ. ಹೋಲಿಸಿ ನೋಡಲು ರಮಿತಾ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ತನ್ನ ರಕ್ತದ ಮಾದರಿ ಕೊಡಬೇಕು. ಹನ್ನೊಂದರ ತೀರ್ಮಾನ ಆ ಪರೀಕ್ಷೆಯ ಫಲಿತಾಂಶಕ್ಕೆ ಒಳಪಟ್ಟಿರುತ್ತದೆ.

ವರದಿಗೆ ಸಹಿ ಹಾಕಲಿಲ್ಲ. ಸ್ಕೂಟರ್ ತೆಗೆದು ಹಾಲಾಡಿಗೆ ಹೊರಟೆ.

*

ರಮಿತಾ ಆಗಷ್ಟೇ ಲ್ಯಾಬಿನಿಂದ ಬಂದಿದ್ದಳು. ಮೂವತ್ತೆರಡರ ಹೆಂಗಸು. ಹದಿನೈದು ದಿನಗಳಲ್ಲಿ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಸುಧೀರ್ ಬಸ್ಸಿನ ಕೆಲಸದಲ್ಲಿದ್ದ. ಗೋಡೆಯ ಮೊಳೆಗೆ ರತನ್‌ನ ಕಬಡ್ಡಿ ಅಂಗಿಯನ್ನು ಒಗೆದು ಇಸ್ತ್ರಿ ಮಾಡಿ ನೇತುಹಾಕಿದ್ದಳು.

"ಕೂಕಣಿ ಅಕ್ಕ. ಎಂತ ಆಯ್ತ್?"

ಮೊದಲು ಸ್ಕ್ಯಾನಿನ ವಿಷಯ ಹೇಳಿದೆ. ನಾಳ ಸಿಕ್ಕಿಬಿದ್ದದ್ದು, ನಿಂತಾಗ ಕೆಂಪು, ಮಲಗಿದಾಗ ಶುಭ್ರ, ಆಪರೇಷನ್ ಬೇಡ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಅಳು ನಿಂತ ಮೇಲೆ ನಕ್ಕಳು.

"ನಾ ಹೇಳ್ಲಿಲ್ಯಾ ಅಕ್ಕ? ಆ ಮಗೀಗ್ ಎಂತದೋ ಇತ್ತ್ ಅಂತ ನಾ ಎಲ್ರಿಗೂ ಹೇಳ್ದೆ. ಒಬ್ರೂ ಕೇಣ್ಲಿಲ್ಲೆ."

ನಾನು ಫೋನ್ ತೆಗೆದು ಆಸ್ಪತ್ರೆಯ ಪುಟವನ್ನು ದೊಡ್ಡದು ಮಾಡಿ ಅವಳ ಮುಂದಿಟ್ಟೆ. ಐದನೇ ಸಾಲಿನ ಮೇಲೆ ಬೆರಳಿಟ್ಟೆ.

"ಇದ್ ನಿನ್ ಅಕ್ಷರ ಕಂಡೇ ಬರ್ದದ್ದ್. ಬೆಳಿಗ್ಗೆ ಆರ್ ಹತ್ತ್."

ರಮಿ‌ತಾ ಓದಿದಳು. ಅವಳು ಲ್ಯಾಬಿನವಳು. ನಾನು ಇನ್ನೊಂದು ಮಾತೂ ಆಡಬೇಕಾಗಲಿಲ್ಲ. ನಗು ಮುಖದಿಂದ ಸರಿದುಹೋಯಿತು.

"ರಮಿತಾ, ಆ ದಿನ ಹುಡ್ಗಂದ್ ಮೂತ್ರ ಯಾವ್ ಬಣ್ಣ ಇತ್ತ್?"

ಅವಳು ಫೋನನ್ನು ನನ್ನ ಕಡೆಗೆ ತಳ್ಳಿದಳು.

"ನಾ ನಿನ್ ಬದಿಗ್ ಇಪ್ಪವ್ಳ್. ಸುಳ್ಳ್ ಹೇಳಿರೆ ಎದ್ದ್ ಹೋತೆ."

"ನೀರಿನ್ ಹಾಂಗೇ ಇತ್ತ್," ಎಂದಳು.

"ಮತ್ತೆ?"

"ಬೆಳಿಗ್ಗಿದ್ ಫಸ್ಟಿದೇ ತನ್ನಿ, ಸಂಜಿದ್ ಇನ್ ತಂದ್ರೆ ಕಾಂಬುದೇ ಇಲ್ಲ ಅಂದಿದ್ರ್ ಆ ಡಾಕ್ಟ್ರ್. ನಾಕ್ ಬಾಟ್ಲಿ ಕೊಟ್ಟಿದ್ದೆ. ನಾಕೂ ಖರೇದ್ದೇ. ದೇವ್ರಾಣೆ ಅಕ್ಕ, ನಾಕೂ ಮಗಂದೇ. ಐದ್ನೆದ್ ಹಿಡ್ದೆ, ಬೆಳ್ಳಗಿತ್ತ್. ಇದ್ನ ಕಳ್ಸಿರೆ ಎಂತದೂ ಇಲ್ಲ, ಕರ್ಕಂಡ್ ಹೋಯಿ ಅಂತ್ರ್. ಸಂಜಿಗೆ ಮತ್ತೆ ಅವ ಸೊಂಟ ಹಿಡ್ಕಂಡ್ ಮರ್ಗ್ತ. ನಾ ಯಾರ್ ಕಾಲ್ ಹಿಡಿಲಿ?" ಅವಳು ಎರಡು ಬೆರಳು ಎತ್ತಿ ತೋರಿಸಿದಳು. "ಎರ್ಡ್ ಹನಿ. ಬರೀ ಎರ್ಡೇ ಹನಿ ಬಿಟ್ಟೆ."

ಅವಳ ಮೇಲೆ ನನಗೆ ಕೆಟ್ಟ ಸಿಟ್ಟು ಬಂತು, ಅಷ್ಟೇ ಕನಿಕರವೂ ಬಂತು. ನಾಲ್ಕು ಸತ್ಯವನ್ನು ನಂಬಿಸಲು ಒಂದು ಸುಳ್ಳು ಸೇರಿಸಿದ್ದಳು. ಸತ್ಯದ ನಾಲ್ಕೂ ಬಾಟಲಿ ಚರಂಡಿ ಸೇರಿ, ಸುಳ್ಳಿನದ್ದೊಂದು ಮೊಹರು ಬಿದ್ದು ಉಳಿದಿತ್ತು.

ಸಮಿತಿಯ ನೋಟಿಸಿನ ಮುದ್ರಿತ ಪ್ರತಿಯನ್ನು ಅವಳ ಕೈಗೆ ಕೊಟ್ಟೆ.

"ನಾಳೆ ಹತ್ತ್ ಗಂಟಿಗೆ ನಿನ್ ರಕ್ತ ಕೇಣ್ತ್ರ್. ಕೊಡ್ದಿರೆ ಒಪ್ಕಂಡ್ ಹಾಂಗೆ. ಕೊಟ್ರೆ ಆ ಬಾಟ್ಲಿ ಜೊತಿಗ್ ಹೊಂದತ್ತ್. ಒಂದ್ ಸಲ ಹೊಂದ್ತ್ ಅಂದ್ರೆ ಸ್ಕ್ಯಾನ್ ವರದಿನ್ನ ಯಾರೂ ಓದುದಿಲ್ಲೆ. ಅದ್ಕಿಂತ ಮುಂಚೆ ನೀನೇ ಎದ್ದ್ ನಿಂತ್ ಹೇಳುದ್ ಒಳ್ಳೇದ್. ನಾ ಬದಿಗ್ ನಿಲ್ತೆ."

ಅವಳು ನೋಟಿಸನ್ನು ಎರಡು ಸಲ ಓದಿದಳು. ಆಮೇಲೆ ತಲೆ ಎತ್ತಿದಳು. ಆ ಮುಖದಲ್ಲಿ ಹೆದರಿಕೆ ಇರಲಿಲ್ಲ. ಮೂವತ್ತೊಂದು ವರ್ಷ ಆರೋಪಿಗಳ ಮುಖ ನೋಡಿದವಳು ನಾನು. ಇದು ನನಗೆ ಅರ್ಥವಾಗಲಿಲ್ಲ.

"ಹೇಳುದ್ ಎಂತಕ್ಕೆ? ನಾ ರಕ್ತ ಕೊಡ್ತೆ ಅಕ್ಕ," ಎಂದಳು. "ಹೊಂದುದಿಲ್ಲೆ."

"ಎಂತ ಹೊಂದುದಿಲ್ಲೆ?"

"ಆ ರಕ್ತ ನಂದಲ್ಲ."

"ಮತ್ಯಾರ್ದ್?"

ಅವಳು ಅಡುಗೆ ಕೋಣೆಯ ಬಾಗಿಲ ಕಡೆ ನೋಡುತ್ತ ಹೇಳಿದಳು. ಲ್ಯಾಬಿನಲ್ಲಿ ಕೆಲಸ ಮಾಡುವವರ ಮನೆಯಲ್ಲಿ ನೆಂಟರು ಉಳಿದರೆ ಮರುದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲೇ ತೋಳು ಚಾಚುತ್ತಾರೆ. ಲ್ಯಾಬಿಗೆ ಹೋಗಿ ಸಾಲಿನಲ್ಲಿ ಕೂರುವುದು ತಪ್ಪುತ್ತದೆ. ಇದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ನಡೆಯುವುದೇ.

"ಹಿಂದಿನ್ ದಿನ ಸೀನಣ್ಣ ಮಾಣಿನ್ನ ಕಾಂಬುಕೆ ಬಂದ್ ಇಲ್ಲೇ ಉಳ್ದಿದ್ರ್. ಅವ್ರಿಗ್ ಶುಗರ್ ಇತ್ತಲ್ದಾ. ಆರ್ ಗಂಟಿಗೆ ಅಡ್ಗಿ ಕೋಣಿಲೇ ರಕ್ತ ತೆಗ್ದೆ. ಟ್ಯೂಬಿಗ್ ತುಂಬ್ಸ್‌ದ್ ಮೇಲೂ ಸಿರಿಂಜಲ್ಲ್ ಚೂರ್ ಉಳಿತ್. ಬಾಟ್ಲಿ ಅಲ್ಲೇ ಕಟ್ಟಿ ಮೇಲ್ ಇತ್ತ್. ಆಗ ಯೋಚ್ನೆ ಮಾಡ್ಲಿಲ್ಲೆ ಅಕ್ಕ. ಕೈಯಗೆ ಇದ್ದದ್ದ್ ಬಿಟ್ಟೆ."

"ಈಗ ಯೋಚ್ನೆ ಮಾಡ್ತಿದ್ಯಾ?"

"ನಂದ್ ಹೊಂದ್ಲಿಲ್ಲ ಅಂದ್ರೆ ರತನ್ ಮನಿಗ್ ಬತ್ತ. ನಂಗ್ ಅಷ್ಟ್ ಸಾಕ್."

"ಸೀನಂದ್ ಹೊಂದ್ತ್ ಅಂದ್ರೆ?"

ರಮಿತಾ ಕಣ್ಣು ಕೆಳಗಿಳಿಸಲಿಲ್ಲ.

"ಹಾಲಾಡಿ ಸರ್ಕಲ್ಲಲ್ಲ್ ಅವ್ರ್ ನಂಗ್ ರಕ್ಕಸಿ ಅಂದ್ರ್," ಎಂದಳು.

ಫೋನಿನ ಚಿತ್ರ ಮೇಜಿನ ಮೇಲೆ ಹಾಗೇ ತೆರೆದಿತ್ತು. ದೊಡ್ಡದು ಮಾಡಿದ್ದರಿಂದ ಪುಟದ ಬಲಬದಿ ಪರದೆಯ ಆಚೆಗಿತ್ತು, ಕುಂದಾಪುರದಲ್ಲೂ ನಾನು ಅದನ್ನು ಓದಿರಲಿಲ್ಲ. ಬೆರಳಿನಿಂದ ಸರಿಸಿದೆ. ಕೊನೆಯ ಕಾಲಮಿನ ತಲೆಬರಹ: ತಂದುಕೊಟ್ಟವರು. ಮೊದಲ ನಾಲ್ಕು ಸಾಲುಗಳಲ್ಲಿ ರಮಿತಾಳ ಸಹಿ. ಐದನೆಯದರಲ್ಲಿ, ಉರುಟಾದ ದೊಡ್ಡ ಅಕ್ಷರಗಳಲ್ಲಿ, ಸೀನನದ್ದು.

ಆ ದಿನ ಅವಳು ಏಳು ಗಂಟೆಗೆ ಲ್ಯಾಬಿನ ಬಾಗಿಲು ತೆರೆಯಬೇಕಿತ್ತು. ಬಾಟಲಿಯನ್ನು ಕುಂದಾಪುರಕ್ಕೆ ಒಯ್ದವನು ಅವನು. ತಂಗಿಯ ಮಗನನ್ನು ತನ್ನ ಬಳಿ ಇಟ್ಟುಕೊಳ್ಳುವ ಆಸೆಯೂ ಅವನಿಗೇ ಇತ್ತು, ದೂರು ಕೊಟ್ಟವನೂ ಅವನೇ. ಆ ರಕ್ತ ಅವನದ್ದೆಂದು ಗೊತ್ತಾದ ಮೇಲೆ ಅವನ ಮಾತನ್ನು ಯಾವ ಸಮಿತಿಯೂ ನಂಬುವುದಿಲ್ಲ.

ಅಷ್ಟರಲ್ಲಿ ಫೋನ್ ರಿಂಗಾಯಿತು. ಪರದೆಯ ಮೇಲೆ ಸೀನನ ಹೆಸರು ಬಂತು. ರಮಿತಾ ಅದನ್ನು ಓದಿದಳು. ನಾನು ಸ್ಪೀಕರ್ ಹಾಕಿದೆ.

"ಹ್ವಾಯ್ ಅಕ್ಕ," ಎಂದ ಸೀನ. ಇಷ್ಟು ಹಗುರವಾದ ದನಿಯನ್ನು ಅವನಿಂದ ಕೇಳಿದ್ದು ಅದೇ ಮೊದಲು. "ಸಮಿತಿಗೆ ಫೋನ್ ಮಾಡಿದ್ದೆ. ರಮಿತಾಂದ್ ಒಬ್ಳ್ದೇ ರಕ್ತ ಎಂತಕ್ ತೆಗಿತ್ರಿ, ಬಾಟ್ಲಿ ತಂದ್ ಕೊಟ್ಟದ್ದ್ ನಾನಲ್ದಾ, ನಂದೂ ತೆಗಿನಿ ಅಂದೆ. ಆಯ್ತ್ ಅಂದ್ರ್. ನಾಳೆ ಹತ್ತ್ ಗಂಟಿಗೆ ನಾನೂ ಕೊಡ್ತೆ. ಅವ್ಳಿಗ್ ಒಂದ್ ಮಾತ್ ಹೇಳಿ, ಹೆದ್ರುದ್ ಬ್ಯಾಡ ಅಂತ."